ಗಣಿ ಖಾಲಿಯಾಯಿತು, ಪಾದರಸ ಉಳಿಯಿತು: ಮಾದ್ರೆ ದೆ ದಿಯೋಸ್ ಪ್ರಕರಣ

ಪೆರು ದೇಶದ ಆಗ್ನೇಯ ಮೂಲೆಯಲ್ಲಿ, ಬ್ರೆಜಿಲ್ ಮತ್ತು ಬೊಲಿವಿಯಾ ಗಡಿಗೆ ಅಂಟಿಕೊಂಡು ಮಾದ್ರೆ ದೆ ದಿಯೋಸ್ ಎಂಬ ಪ್ರಾಂತ್ಯವಿದೆ. ಸುತ್ತ ಅಮೆಜಾನ್ ಕಾಡು, ನಡುವೆ ಅದೇ ಹೆಸರಿನ ದೊಡ್ಡ ನದಿ. 2016ರ ಮೇ ತಿಂಗಳಲ್ಲಿ ಸರ್ಕಾರ ಇಲ್ಲಿನ 11 ಜಿಲ್ಲೆಗಳಲ್ಲಿ 60 ದಿನಗಳ ತುರ್ತು ಪರಿಸ್ಥಿತಿ ಘೋಷಿಸಿತು. ಕಾರಣ ಪಾದರಸ. ಚಿನ್ನ ತೆಗೆಯಲು ಬಳಸಿದ ಪಾದರಸ ನದಿಗಿಳಿದು, ಮೀನಿನ ಮೂಲಕ ಜನರ ಮೈ ಸೇರಿತ್ತು.

ಸರ್ಕಾರ ಎಚ್ಚೆತ್ತುಕೊಳ್ಳುವ ಹೊತ್ತಿಗೆ ಅಂಕಿ-ಅಂಶ ಕೈಯಲ್ಲಿದ್ದು ಕೆಲವು ವರ್ಷಗಳೇ ಆಗಿದ್ದವು. ಲೂಯಿಸ್ ಫರ್ನಾಂಡಿಸ್ ಎಂಬ ವಿಜ್ಞಾನಿಯ ತಂಡ 2012-13ರ ಸುಮಾರಿಗೆ ಪ್ರಾಂತ್ಯದ ರಾಜಧಾನಿ ಪುಯೆರ್ತೊ ಮಾಲ್ದೊನಾದೊದಲ್ಲಿ ಜನರ ಕೂದಲನ್ನೂ ಮಾರುಕಟ್ಟೆಯ ಮೀನನ್ನೂ ಪರೀಕ್ಷಿಸಿತ್ತು. ವಯಸ್ಕರಲ್ಲಿ ಶೇ 78 ಮಂದಿಯ ಕೂದಲಿನಲ್ಲಿ ಪಾದರಸ ಮಿತಿಗಿಂತ ಜಾಸ್ತಿ ಇತ್ತು. ಜನ ಹೆಚ್ಚು ತಿನ್ನುವ 15 ಜಾತಿಯ ಮೀನುಗಳಲ್ಲಿ 9 ಜಾತಿ ಮಿತಿ ದಾಟಿದ್ದವು. ಇವರೆಲ್ಲ ಗಣಿಯಲ್ಲಿ ದುಡಿಯುವವರಲ್ಲ. ಪಟ್ಟಣದಲ್ಲಿ ಅಂಗಡಿ ನಡೆಸುವವರು, ಮಕ್ಕಳಿಗೆ ಪಾಠ ಹೇಳುವವರು, ಮನೆಯಲ್ಲಿ ಅಡುಗೆ ಮಾಡುವವರು. ಪಾದರಸವನ್ನು ಕಣ್ಣಿಂದ ನೋಡಿಯೇ ಇಲ್ಲದವರ ಮೈಯೊಳಗೆ ಅದು ಇತ್ತು.

ಈ ಪ್ರಕರಣ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಪಾದರಸ ಬಳಸಿದ ಜಾಗ ಒಂದು, ಅದು ಕೆಡುಕು ಮಾಡುವ ಜಾಗ ಇನ್ನೊಂದು. ಈ ಎರಡರ ನಡುವಿನ ದಾರಿ ಗೊತ್ತಿಲ್ಲದೆ ಸುಮ್ನೆ ಗಣಿ ಮುಚ್ಚಿಸಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಚಿನ್ನ ಹೇಗೆ ತೆಗೆಯುತ್ತಾರೆ

ಇಲ್ಲಿ ಬಂಡೆ ಒಡೆದು, ಸುರಂಗ ಕೊರೆದು ಚಿನ್ನ ತೆಗೆಯುವುದಿಲ್ಲ. ಆಂಡಿಸ್ ಬೆಟ್ಟಗಳ ಚಿನ್ನವನ್ನು ಲಕ್ಷಾಂತರ ವರ್ಷಗಳಿಂದ ನದಿಗಳು ತೊಳೆದು ತಂದು ಬಯಲಿನಲ್ಲಿ ಸುರಿದಿವೆ. ಹಳೆಯ ನದಿಪಾತ್ರಗಳ ಮರಳು ಮತ್ತು ಜಲ್ಲಿಯಲ್ಲಿ ಅದು ತೆಳ್ಳಗಿನ ಚೂರುಗಳಾಗಿ ಹರಡಿಕೊಂಡಿದೆ. ಆ ಮರಳಿನ ಮೇಲೆ ಈಗ ದಟ್ಟ ಕಾಡು.

ಆದ್ದರಿಂದ ಮೊದಲು ಕಾಡು ಹೋಗುತ್ತದೆ. ಮರ ಉರುಳಿಸಿ, ಬೆಂಕಿ ಹಚ್ಚಿ, ನೆಲ ಬರಿದಾದ ಮೇಲೆ ಜೋರು ನೀರು ಚಿಮ್ಮಿಸಿ ಮಣ್ಣನ್ನು ಕೆಸರು ಮಾಡುತ್ತಾರೆ. ಮೋಟಾರಿಗೆ ಜೋಡಿಸಿದ ದಪ್ಪ ಪೈಪು ಆ ಕೆಸರನ್ನು ಹೀರಿ ಎತ್ತರದ ಇಳಿಜಾರು ಹಲಗೆಯ ಮೇಲೆ ಸುರಿಯುತ್ತದೆ. ಹಲಗೆಯ ಮೇಲೆ ಒರಟು ಜಮಖಾನ ಹಾಸಿರುತ್ತದೆ. ಹಗುರ ಮಣ್ಣು ನೀರಿನ ಜೊತೆ ಹರಿದು ಹೋಗುತ್ತದೆ. ಭಾರದ ಕಪ್ಪು ಮರಳು ಮತ್ತು ಚಿನ್ನದ ಚೂರು ಜಮಖಾನದ ಎಳೆಗಳಲ್ಲಿ ಸಿಕ್ಕಿಕೊಳ್ಳುತ್ತವೆ.

ದಿನದ ಕೊನೆಗೆ ಜಮಖಾನಗಳನ್ನು ಒಂದು ಡ್ರಮ್ಮಿನಲ್ಲಿ ಜಾಡಿಸಿ ತೊಳೆಯುತ್ತಾರೆ. ತಳದಲ್ಲಿ ಉಳಿದ ಕಪ್ಪು ಮರಳಿಗೆ ಪಾದರಸ ಸುರಿಯುತ್ತಾರೆ. ಒಬ್ಬರು ಡ್ರಮ್ಮಿಗಿಳಿದು ಬರಿಗಾಲಿನಲ್ಲೇ ತುಳಿಯುವುದುಂಟು. ಪಾದರಸ ಮರಳನ್ನು ಮುಟ್ಟುವುದಿಲ್ಲ, ಚಿನ್ನವನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಆಮೇಲೆ ನೀರು ಬಸಿದು, ಉಳಿದದ್ದನ್ನು ಬಟ್ಟೆಗೆ ಹಾಕಿ ಹಿಂಡುತ್ತಾರೆ. ಹೆಚ್ಚಿನ ಪಾದರಸ ಬಟ್ಟೆಯ ಕಣ್ಣುಗಳಿಂದ ಮಣಿಮಣಿಯಾಗಿ ಹೊರಬರುತ್ತದೆ. ಬಟ್ಟೆಯೊಳಗೆ ಬೂದು ಬಣ್ಣದ ಗಟ್ಟಿ ಮುದ್ದೆ ಉಳಿಯುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಚಿನ್ನ, ಅರ್ಧ ಪಾದರಸ.

ಕೊನೆಗೆ ಆ ಮುದ್ದೆಗೆ ಗ್ಯಾಸ್ ಬರ್ನರ್ ಹಿಡಿಯುತ್ತಾರೆ. ಪಾದರಸ 357 ಡಿಗ್ರಿಗೆ ಕುದಿಯುತ್ತದೆ. ಚಿನ್ನ ಕರಗಲು 1,064 ಡಿಗ್ರಿ ಬೇಕು. ಹೀಗಾಗಿ ಪಾದರಸ ಆವಿಯಾಗಿ ಹೋಗುತ್ತದೆ, ಬೂದು ಮುದ್ದೆ ಕಣ್ಣೆದುರೇ ಹಳದಿಗೆ ತಿರುಗುತ್ತದೆ. ಮೂಗಿನಲ್ಲಿ ಎಳೆದುಕೊಂಡ ಪಾದರಸದ ಆವಿಯಲ್ಲಿ ಸುಮಾರು ಶೇ 80ರಷ್ಟು ರಕ್ತಕ್ಕೆ ಸೇರುತ್ತದೆ. ಆ ಆವಿಗೆ ವಾಸನೆಯಿಲ್ಲ, ಹಾಗಾಗಿ ಎಷ್ಟು ಒಳಗೆ ಹೋಯಿತು ಎಂದು ಬರ್ನರ್ ಹಿಡಿದವರಿಗೆ ತಿಳಿಯುವುದೇ ಇಲ್ಲ. ಇಷ್ಟಕ್ಕೇ ಮುಗಿಯಲಿಲ್ಲ. ಚಿನ್ನದೊಳಗೆ ಇನ್ನೂ ಸ್ವಲ್ಪ ಪಾದರಸ ಉಳಿದಿರುತ್ತದೆ. ಪಟ್ಟಣದ ಚಿನ್ನ ಕೊಳ್ಳುವ ಅಂಗಡಿಯವರು ತೂಕ ಮಾಡುವ ಮುಂಚೆ ಅದನ್ನು ಇನ್ನೊಮ್ಮೆ ಸುಡುತ್ತಾರೆ. ಆ ಆವಿ ಊರ ಬೀದಿಗೇ ಬರುತ್ತದೆ.

ಇಷ್ಟು ಅಪಾಯದ ವಸ್ತುವನ್ನು ಯಾಕೆ ಬಳಸುತ್ತಾರೆ? ಅಗ್ಗ, ಬೇಗ, ಒಬ್ಬರೇ ಮಾಡಬಹುದು, ಅದೇ ದಿನ ಕೈಗೆ ಕಾಸು ಬರುತ್ತದೆ. ಇಲ್ಲಿ ದುಡಿಯುವ ಬಹಳಷ್ಟು ಜನ ಕುಸ್ಕೊ, ಪುನೊದಂಥ ಬೆಟ್ಟದ ಸೀಮೆಗಳಿಂದ ಕೆಲಸ ಹುಡುಕಿಕೊಂಡು ಇಳಿದು ಬಂದವರು. ಅವರನ್ನು ಖಳರ ಹಾಗೆ ನೋಡುವ ಬರಹಗಳು ಬೇಕಾದಷ್ಟಿವೆ. ನನಗೆ ಅದು ಸರಿ ಕಾಣುವುದಿಲ್ಲ. ಪಾದರಸದ ಮೊದಲ ಏಟು ಬೀಳುವುದೇ ಅವರ ಮೇಲೆ.

ಇಲ್ಲಿ ಗಣಿಗಾರಿಕೆ ಹಳೆಯದು. ಅದನ್ನು ಉಬ್ಬಿಸಿದ್ದು ಎರಡು ಸಂಗತಿ. 2000ದಲ್ಲಿ ಒಂದು ಔನ್ಸ್ ಚಿನ್ನಕ್ಕೆ 300 ಡಾಲರ್ ಕೂಡ ಇರಲಿಲ್ಲ. 2011ರ ಸೆಪ್ಟೆಂಬರಿನಲ್ಲಿ ಅದು 1,900 ಡಾಲರ್ ಹತ್ತಿರ ಹೋಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಪೆರುವಿನ ಕರಾವಳಿಯನ್ನು ಬ್ರೆಜಿಲ್‌ಗೆ ಜೋಡಿಸುವ ಹೆದ್ದಾರಿ ಈ ಕಾಡಿನ ನಡುವೆ ಹಾದುಹೋಯಿತು. ಡೀಸೆಲ್, ಮೋಟಾರು, ಪೈಪು, ಜನ ಎಲ್ಲವೂ ಲಾರಿಯಲ್ಲಿ ಬರುವ ಹಾಗಾಯಿತು. 1980ರ ದಶಕದ ಮಧ್ಯದಿಂದ 2017ರವರೆಗೆ ಗಣಿಗೆ ಹೋದ ಕಾಡು ಸುಮಾರು 1 ಲಕ್ಷ ಹೆಕ್ಟೇರ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋದದ್ದು 2010ರ ನಂತರ.

ಮರಳಿನಲ್ಲಿ ಸಿಗದ ಪಾದರಸ

ಗಣಿ ಬಿಟ್ಟುಹೋದ ಜಾಗದ ಮಣ್ಣಿನಲ್ಲಿ ಪಾದರಸ ತುಂಬಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ, ಅಲ್ವಾ? ಪುಯೆರ್ತೊ ಮಾಲ್ದೊನಾದೊದಲ್ಲಿರುವ ಸಿನ್ಸಿಯಾ ಎಂಬ ಸಂಶೋಧನಾ ಕೇಂದ್ರದವರು ಮಣ್ಣು ತೆಗೆದು ನೋಡಿದಾಗ ಸಿಕ್ಕಿದ್ದು ಬೇರೆಯೇ. ಅಗೆದು ಬಿಟ್ಟ ಜಾಗದ ಮಣ್ಣಿಗಿಂತ ಕಡಿಯದೆ ಉಳಿದ ಕಾಡಿನ ಮಣ್ಣಿನಲ್ಲಿ ಪಾದರಸ ಜಾಸ್ತಿ ಇತ್ತು.

ಕಾರಣ ಮಣ್ಣಿನ ಗುಣದಲ್ಲಿದೆ. ಪಾದರಸ ಅಂಟಿಕೊಳ್ಳುವುದು ಕೊಳೆತ ಎಲೆ, ಬೇರು, ಜೇಡಿಮಣ್ಣಿನ ಸಣ್ಣ ಕಣಗಳಿಗೆ. ಗಣಿಯವರು ತೊಳೆದು ಹಾಕುವುದು ಅದನ್ನೇ. ಹಿಂದೆ ಉಳಿಯುವುದು ಬರೀ ಮರಳು, ಜಲ್ಲಿ. ಅದಕ್ಕೆ ಪಾದರಸವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇಲ್ಲ. ಗಣಿ ಜಾಗದ ಮಣ್ಣು ಪರೀಕ್ಷೆ ಮಾಡಿಸಿ 'ಮಿತಿಯೊಳಗೇ ಇದೆ' ಎಂದು ವರದಿ ಕೊಟ್ಟರೆ ಅದು ಸುಳ್ಳಾಗುವುದಿಲ್ಲ. ಆದರೆ ಆ ವರದಿಯಿಂದ ಊರಿನವರಿಗೆ ಏನೂ ತಿಳಿಯುವುದಿಲ್ಲ. ಹಾಗಾದರೆ ಪಾದರಸ ಹೋದದ್ದು ಎಲ್ಲಿಗೆ?

ಒಂದು ಪಾಲು ಗಾಳಿಗೆ. ಸುಟ್ಟ ಆವಿ ಮೇಲೇರಿ, ಗಾಳಿಯಲ್ಲಿ ರೂಪ ಬದಲಿಸಿ, ಧೂಳು ಮತ್ತು ಮಳೆಯ ಜೊತೆ ಕೆಳಗಿಳಿಯುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜಾಕ್ವೆಲಿನ್ ಗರ್ಸನ್, ಎಮಿಲಿ ಬರ್ನ್‌ಹಾರ್ಟ್ ಮತ್ತು ಜೊತೆಗಾರರು ಗಣಿಗೆ ಹತ್ತಿರ ಇರುವ ಮತ್ತು ದೂರ ಇರುವ ಜಾಗಗಳಲ್ಲಿ, ಕಾಡಿನೊಳಗೂ ಬಯಲಿನಲ್ಲೂ, ಗಾಳಿ, ಮಳೆನೀರು, ಎಲೆ, ಮಣ್ಣು ಎಲ್ಲವನ್ನೂ ಅಳೆದರು. 2022ರಲ್ಲಿ ಅದು ಪ್ರಕಟವಾಯಿತು. ಗಣಿ ಪಟ್ಟಣಗಳ ಹತ್ತಿರವಿದ್ದರೂ ಕಡಿಯದೆ ಕಾಪಾಡಿಕೊಂಡು ಬಂದ ಲೋಸ್ ಅಮಿಗೋಸ್ ಎಂಬ ಕಾಡಿದೆ. ಅಲ್ಲಿ ಎಲೆಗಳ ಮೇಲಿಂದ ತೊಟ್ಟಿಕ್ಕಿದ ಮಳೆನೀರಿನಲ್ಲಿ ಸಿಕ್ಕಷ್ಟು ಪಾದರಸ ಜಗತ್ತಿನ ಬೇರೆಲ್ಲೂ ಅದುವರೆಗೆ ದಾಖಲಾಗಿರಲಿಲ್ಲ. ದಟ್ಟ ಎಲೆಗಳ ಚಪ್ಪರ ಗಾಳಿಯಲ್ಲಿರುವ ಪಾದರಸವನ್ನು ಜರಡಿಯ ಹಾಗೆ ಹಿಡಿದುಕೊಳ್ಳುತ್ತದೆ. ಮಳೆ ಬಂದಾಗ ಅದು ತೊಳೆದು ನೆಲಕ್ಕೆ ಬರುತ್ತದೆ, ಉಳಿದದ್ದು ಎಲೆ ಉದುರಿದಾಗ ಬರುತ್ತದೆ. ಅಲ್ಲಿನ ಮೂರು ಜಾತಿಯ ಹಾಡುಹಕ್ಕಿಗಳ ಗರಿ ಪರೀಕ್ಷಿಸಿದಾಗ, ದೂರದ ಕೋಚಾ ಕಾಶು ಕಾಡಿನ ಅದೇ ಜಾತಿಯ ಹಕ್ಕಿಗಳಿಗಿಂತ 2ರಿಂದ 12 ಪಟ್ಟು ಪಾದರಸ ಕಂಡಿತು.

ಇದನ್ನು ಓದಿದಾಗ ನಿಜಕ್ಕೂ ಸಂಕಟವಾಯಿತು. ಕಾಡು ಉಳಿಸಿಕೊಂಡವರ ಕಾಡಿಗೇ ವಿಷ ಜಾಸ್ತಿ ಬೀಳುತ್ತಿದೆ. ಅಷ್ಟೇ ಅಲ್ಲ, ಆ ಕಾಡು ಈಗ ಪಾದರಸವನ್ನು ಮಣ್ಣಿನಲ್ಲಿ ಹಿಡಿದಿಟ್ಟುಕೊಂಡಿದೆ. ನಾಳೆ ಅದನ್ನು ಕಡಿದು ಸುಟ್ಟರೆ ಹಿಡಿದಿಟ್ಟದ್ದೆಲ್ಲ ಮತ್ತೆ ಗಾಳಿಗೆ, ನೀರಿಗೆ ಬರುತ್ತದೆ.

ಇನ್ನೊಂದು ಪಾಲು ನದಿಗೆ. ತೊಳೆದು ಬಿಟ್ಟ ಸಣ್ಣ ಮಣ್ಣಿನ ಕಣಗಳಿಗೆ ಅಂಟಿಕೊಂಡು ಪಾದರಸ ತೇಲುತ್ತಾ ಹೋಗುತ್ತದೆ. ಗಣಿಯಿಂದ 560 ಕಿಲೋಮೀಟರ್ ಕೆಳಗಿನವರೆಗೂ ಇದರ ಗುರುತು ಸಿಕ್ಕಿದೆ ಎಂದು 2015ರಲ್ಲಿ ಪ್ರಕಟವಾದ ಡ್ಯೂಕ್ ವಿಶ್ವವಿದ್ಯಾಲಯದ ಇನ್ನೊಂದು ಅಧ್ಯಯನ ಹೇಳಿತು. ಈ ನದಿ ಬೊಲಿವಿಯಾಕ್ಕೆ ಹರಿದು ಬೇನಿ ನದಿಯನ್ನು ಕೂಡುತ್ತದೆ. ಕಾಡು ಕಡಿದ ಮೇಲೆ ಕೊಚ್ಚಿ ಹೋಗುವ ಮಣ್ಣಿನಲ್ಲೂ ಮೊದಲಿಂದ ಇದ್ದ ಪಾದರಸ ಇರುತ್ತದೆ, ಅದೂ ಇದರ ಜೊತೆ ಸೇರಿಕೊಳ್ಳುತ್ತದೆ.

ಹೊಂಡಗಳು

ನನ್ನ ಪ್ರಕಾರ ಈ ಪ್ರಕರಣದ ತಿರುಳು ಇರುವುದು ಹೊಂಡಗಳಲ್ಲಿ. ಜನ ಕಾಡಿನ ಬಗ್ಗೆ ಮಾತಾಡುತ್ತಾರೆ, ನದಿಯ ಬಗ್ಗೆ ಮಾತಾಡುತ್ತಾರೆ. ಹೊಂಡದ ಬಗ್ಗೆ ಮಾತು ಕಡಿಮೆ.

ಪೈಪು ಹಾಕಿ ಮಣ್ಣು ಹೀರಿದ ಕಡೆಯೆಲ್ಲ ಗುಂಡಿ ಬೀಳುತ್ತದೆ, ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಚಿನ್ನ ಮುಗಿದ ಮೇಲೆ ಪಕ್ಕದಲ್ಲಿ ಇನ್ನೊಂದು ಅಗೆಯುತ್ತಾರೆ. ಹೀಗೆ ಸಾವಿರಾರು ಹೊಂಡಗಳಾಗಿವೆ. ಉಪಗ್ರಹ ಚಿತ್ರದಲ್ಲಿ ಹಳದಿ, ಹಸಿರು, ಕಂದು ಚುಕ್ಕೆಗಳು ಒತ್ತೊತ್ತಾಗಿ ಕಾಣುತ್ತವೆ. ಹೆಚ್ಚು ಗಣಿ ನಡೆದ ನದಿ ಕಣಿವೆಗಳಲ್ಲಿ 1985ರಿಂದ 2018ರ ನಡುವೆ ಹೀಗೆ ನಿಂತ ನೀರಿನ ವಿಸ್ತಾರ ಶೇ 670ರಷ್ಟು ಹೆಚ್ಚಾಯಿತು ಎಂದು ಗರ್ಸನ್ ತಂಡ 2020ರಲ್ಲಿ ತೋರಿಸಿತು.

ಹೊಂಡದ ತಳದಲ್ಲಿ ಕೆಸರು, ಕೊಳೆತ ಎಲೆ. ನೀರು ಹರಿಯುವುದಿಲ್ಲ, ತಳಕ್ಕೆ ಆಮ್ಲಜನಕ ತಲುಪುವುದಿಲ್ಲ. ಆಮ್ಲಜನಕ ಇಲ್ಲದ ಕಡೆ ಬದುಕುವ ಕೆಲವು ಬ್ಯಾಕ್ಟೀರಿಯಾಗಳಿಗೆ ಇದು ಹೇಳಿ ಮಾಡಿಸಿದ ಜಾಗ. ಅವು ಪಾದರಸಕ್ಕೆ ಇಂಗಾಲದ ಒಂದು ಗುಂಪನ್ನು ಜೋಡಿಸಿ ಮಿಥೈಲ್ ಪಾದರಸ ಮಾಡುತ್ತವೆ. ಈ ಕೆಲಸಕ್ಕೆ ಬೇಕಾದ ಎರಡು ಜೀನ್‌ಗಳು ಯಾವುವು ಎಂದು ಗೊತ್ತಾದದ್ದೇ 2013ರಲ್ಲಿ. ಗರ್ಸನ್ ತಂಡದ ಲೆಕ್ಕದಲ್ಲಿ ಪಾದರಸ ಹೀಗೆ ಮಿಥೈಲ್ ಪಾದರಸವಾಗುವುದು ನದಿಗಿಂತ ಹೊಂಡಗಳಲ್ಲಿ 5ರಿಂದ 7 ಪಟ್ಟು ಹೆಚ್ಚು.

ಇದರಿಂದ ಏನು ವ್ಯತ್ಯಾಸ? ಥರ್ಮಾಮೀಟರಿನೊಳಗಿನ ಪಾದರಸವನ್ನು ನುಂಗಿದರೆ ಹೆಚ್ಚುಕಡಿಮೆ ಎಲ್ಲವೂ ಹಾಗೇ ಹೊರಗೆ ಹೋಗುತ್ತದೆ. ಮಿಥೈಲ್ ಪಾದರಸ ಹಾಗಲ್ಲ. ತಿಂದದ್ದರಲ್ಲಿ ಶೇ 95ರಷ್ಟು ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ಮೆದುಳಿಗೆ ಹೋಗುತ್ತದೆ. ಬಸುರಿ ಹೆಂಗಸಿನ ಮೈಯಿಂದ ಹೊಟ್ಟೆಯೊಳಗಿನ ಮಗುವಿಗೂ ದಾಟುತ್ತದೆ. ನೀರಿನಲ್ಲಿ ಇದರ ಪ್ರಮಾಣ ಎಷ್ಟು ಕಡಿಮೆ ಎಂದರೆ ಆ ನೀರು ಕುಡಿದರೆ ಇದರಿಂದ ಏನೂ ಆಗದೇ ಇರಬಹುದು. ಆದರೆ ಪಾಚಿಯಿಂದ ಹುಳಕ್ಕೆ, ಹುಳದಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋಗುತ್ತಾ ಪ್ರತಿ ಮೆಟ್ಟಿಲಲ್ಲೂ ಅದು ಸೇರುತ್ತಾ ಹೋಗುತ್ತದೆ. ಬೇಟೆಯಾಡುವ ದೊಡ್ಡ ಮೀನಿನ ಮಾಂಸದಲ್ಲಿ ಅದು ನೀರಿನಲ್ಲಿರುವುದಕ್ಕಿಂತ 10 ಲಕ್ಷ ಪಟ್ಟು ಇರಬಹುದು. ನೀರು ಪರೀಕ್ಷೆ ಮಾಡಿಸಿ ನೆಮ್ಮದಿಯಾಗಿರುವವರು ತಪ್ಪು ಬಾಟಲಿ ನೋಡುತ್ತಿದ್ದಾರೆ.

ಹಾಗಾಗಿಯೇ ಇಲ್ಲಿ ಜನರ ಕೂದಲು ಪರೀಕ್ಷಿಸುತ್ತಾರೆ. ತಲೆಯ ಹಿಂಭಾಗದಲ್ಲಿ, ಚರ್ಮಕ್ಕೆ ಹತ್ತಿರವಾಗಿ ಒಂದು ಸಣ್ಣ ಎಳೆಗುಚ್ಛ ಕತ್ತರಿಸುತ್ತಾರೆ. ಬುಡ ಯಾವುದು, ತುದಿ ಯಾವುದು ಎಂದು ಗುರುತು ಮಾಡಿಕೊಳ್ಳುತ್ತಾರೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಬೆಳೆಯುವಾಗ ರಕ್ತದಲ್ಲಿದ್ದ ಮಿಥೈಲ್ ಪಾದರಸ ಅದರೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ, ಆಮೇಲೆ ಕದಲುವುದಿಲ್ಲ. ಮೂರು ಸೆಂಟಿಮೀಟರ್ ಎಳೆಯಲ್ಲಿ ಮೂರು ತಿಂಗಳ ಊಟದ ಲೆಕ್ಕ ಇರುತ್ತದೆ. ಸೂಜಿ ಬೇಡ, ಐಸ್ ಪೆಟ್ಟಿಗೆ ಬೇಡ, ಕಾಗದದ ಲಕೋಟೆ ಸಾಕು. ಕರೆಂಟು ಇಲ್ಲದ ನದಿ ದಂಡೆಯ ಹಳ್ಳಿಯಲ್ಲೂ ಮಾಡಬಹುದು.

ಲೆಕ್ಕ ಹೊರಬಂದಾಗ ಹೆಚ್ಚು ಪಾದರಸ ಕಂಡದ್ದು ನದಿ ಮೀನಿನ ಮೇಲೇ ಬದುಕಿರುವ ಮೂಲನಿವಾಸಿ ಸಮುದಾಯಗಳಲ್ಲಿ. ಹರಾಕ್ಬುಟ್, ಎಸೆ ಎಹಾ, ಮಾಚಿಗೆಂಗಾ ಜನ ಈ ಗಣಿಗಳಿಗೂ ಮೊದಲಿಂದ ಇಲ್ಲಿರುವವರು. ಗಣಿಗಿಂತ ಮೇಲ್ಭಾಗದ ಹಳ್ಳಿಗಳಲ್ಲೂ ಪಾದರಸ ಸಿಕ್ಕಿತು, ಯಾಕೆಂದರೆ ಮೀನು ಒಂದೇ ಕಡೆ ನಿಲ್ಲುವುದಿಲ್ಲ. ಮಕ್ಕಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಕೂದಲಿನ ಪಾದರಸಕ್ಕೂ ರಕ್ತಹೀನತೆಗೂ ಸಂಬಂಧ ಕಂಡಿದೆ.

ಕಾರ್ಖಾನೆಯ ಪಾದರಸ ಮೀನಿಗೆ ಸೇರಿ ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಬೆಳಕಿಗೆ ಬಂದಂತೆ ಇಲ್ಲಿ ಜನ ಗುಂಪಾಗಿ ಕೈಕಾಲು ಸ್ವಾಧೀನ ಕಳೆದುಕೊಂಡಿಲ್ಲ. ಪ್ರಮಾಣ ಅಷ್ಟಿಲ್ಲ. ಇದರ ಪೆಟ್ಟು ಬೀಳುವುದು ಇನ್ನೂ ಬೆಳೆಯುತ್ತಿರುವ ಮೆದುಳಿನ ಮೇಲೆ. ಮಗು ಮಾತು ಕಲಿಯುವುದು, ನೆನಪಿಟ್ಟುಕೊಳ್ಳುವುದು, ಗಮನ ಕೊಡುವುದು ಸ್ವಲ್ಪ ಸ್ವಲ್ಪವೇ ಹಿಂದೆ ಬೀಳುತ್ತದೆ. ಯಾವ ಆಸ್ಪತ್ರೆಯ ದಾಖಲೆಯಲ್ಲೂ ಇದಕ್ಕೆ ಪಾದರಸ ಕಾರಣ ಎಂದು ಬರೆಯುವುದಿಲ್ಲ. ಈ ಪ್ರಕರಣಕ್ಕೆ ಅಷ್ಟು ವರ್ಷ ಗಮನ ಸಿಗದೆ ಹೋದದ್ದಕ್ಕೆ ಇದೂ ಒಂದು ಕಾರಣ.

ಸರ್ಕಾರ ಮಾಡಿದ್ದು

ಪೆರು ಸರ್ಕಾರ ಕೈಕಟ್ಟಿ ಕೂತಿರಲಿಲ್ಲ. 2011ರಲ್ಲೇ ಸೇನೆ ಬಂದು ನದಿಯಲ್ಲಿದ್ದ ಡ್ರೆಜ್ಜರ್‌ಗಳನ್ನು, ಅಂದರೆ ತಳದ ಮರಳು ಹೀರುವ ತೇಲುವ ಯಂತ್ರಗಳನ್ನು, ನಾಶ ಮಾಡಿತು. 2012ರಲ್ಲಿ ಕಾನೂನು ಬಿಗಿ ಮಾಡಿದಾಗ ಪುಯೆರ್ತೊ ಮಾಲ್ದೊನಾದೊದಲ್ಲಿ ಗಣಿಗಾರರು ಬೀದಿಗಿಳಿದರು. ಆ ಮಾರ್ಚ್ ತಿಂಗಳ ಘರ್ಷಣೆಯಲ್ಲಿ ಮೂವರು ಸತ್ತರು. 2016ರ ತುರ್ತು ಪರಿಸ್ಥಿತಿಯಲ್ಲಿ ಯಾವ ಮೀನು ತಿನ್ನಬಾರದು ಎಂದು ಜನರಿಗೆ ತಿಳಿಸುವ ಕೆಲಸ ನಡೆಯಿತು. ಒಳ್ಳೆಯದೇ. ಆದರೆ ಮೈಯಲ್ಲಿ ಸೇರಿದ ಮಿಥೈಲ್ ಪಾದರಸ ಅರ್ಧಕ್ಕಿಳಿಯಲು ಸುಮಾರು 50 ದಿನ ಬೇಕು, ಅದೂ ಹೊಸದಾಗಿ ಏನೂ ಸೇರದಿದ್ದರೆ ಮಾತ್ರ. 60 ದಿನಗಳ ಆದೇಶದಿಂದ ಎಷ್ಟಾದೀತು?

ದೊಡ್ಡ ಹೆಜ್ಜೆ ಇಟ್ಟದ್ದು 2019ರ ಫೆಬ್ರವರಿಯಲ್ಲಿ. ತಾಂಬೊಪಾತಾ ರಾಷ್ಟ್ರೀಯ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಲಾ ಪಂಪಾ ಎಂಬ ಅಕ್ರಮ ಗಣಿ ವಲಯ ಒಂದು ಪಟ್ಟಣದಷ್ಟು ಬೆಳೆದಿತ್ತು. ಹೆಣ್ಣುಮಕ್ಕಳ ಸಾಗಾಣಿಕೆಗೂ ಅದು ಕುಖ್ಯಾತಿ ಪಡೆದಿತ್ತು. ಸಾವಿರಕ್ಕೂ ಜಾಸ್ತಿ ಪೊಲೀಸರು, ಜೊತೆಗೆ ಸೈನಿಕರು ಬಂದು ಅದನ್ನು ಖಾಲಿ ಮಾಡಿಸಿದರು. ಹೆಸರು 'ಆಪರೇಷನ್ ಮರ್ಕ್ಯುರಿ'. ಮುಂದಿನ ತಿಂಗಳುಗಳಲ್ಲಿ ಲಾ ಪಂಪಾದಲ್ಲಿ ಗಣಿಗಾಗಿ ಕಾಡು ಕಡಿಯುವುದು ಶೇ 90ಕ್ಕೂ ಜಾಸ್ತಿ ಇಳಿಯಿತು. ಇದು ಸಣ್ಣ ಸಾಧನೆಯಲ್ಲ. ಪೊಲೀಸ್ ಕಾರ್ಯಾಚರಣೆಯಿಂದ ಏನೂ ಪ್ರಯೋಜನವಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ಉಪಗ್ರಹ ಚಿತ್ರಗಳನ್ನು ಹಿಡಿದು ಎವನ್ ಡೆಥಿಯರ್ ಎಂಬ ಸಂಶೋಧಕ ಮತ್ತು ಜೊತೆಗಾರರು ನೋಡಿದಾಗ ಇನ್ನೊಂದು ಮುಖವೂ ಕಂಡಿತು. ಹೆದ್ದಾರಿಯ ಆಚೆ, ಕಾನೂನು ಅನುಮತಿ ಇರುವ ಪ್ರದೇಶದಲ್ಲಿ, ಗಣಿ ಜಾಸ್ತಿಯಾಯಿತು. ಲಾ ಪಂಪಾದ ಹೊಂಡಗಳ ನೀರು ತಿಳಿಯಾಯಿತು, ಹೊಂಡಗಳು ಮಾತ್ರ ಅಲ್ಲೇ ಉಳಿದವು. ಪಾದರಸವನ್ನು ಮಿಥೈಲ್ ಪಾದರಸ ಮಾಡುವ ಬ್ಯಾಕ್ಟೀರಿಯಾಕ್ಕೆ ಪೊಲೀಸರು ಬಂದುಹೋದದ್ದು ಗೊತ್ತಾಗುವುದಿಲ್ಲ.

ಪಾದರಸದ ಪೂರೈಕೆಯ ಕಥೆಯೂ ಹೀಗೇ. ಯುರೋಪ್ ಒಕ್ಕೂಟ 2011ರಲ್ಲಿ, ಅಮೆರಿಕ 2013ರಲ್ಲಿ ಪಾದರಸ ರಫ್ತು ನಿಲ್ಲಿಸಿದವು. ಪಾದರಸದ ಬಳಕೆಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದವನ್ನು ಪೆರು 2016ರಲ್ಲಿ ಅನುಮೋದಿಸಿತು. ಅಷ್ಟರಲ್ಲಿ ಪಕ್ಕದ ಬೊಲಿವಿಯಾ ಪಾದರಸ ಆಮದಿನಲ್ಲಿ ಮುಂದೆ ಬಂದಿತ್ತು. ಅಲ್ಲಿಂದ ಗಡಿ ದಾಟಿ ಕಳ್ಳದಾರಿಯಲ್ಲಿ ಬರುವ ಪಾದರಸ ಗಣಿಗಳಿಗೆ ಸಿಗುತ್ತಲೇ ಹೋಯಿತು.

ಆಗಬೇಕಾದದ್ದು

ಆವಿಯನ್ನು ಹಿಡಿಯುವುದು ಸುಲಭದ ಕೆಲಸ. ರಿಟಾರ್ಟ್ ಎಂಬ ಮುಚ್ಚಿದ ಪಾತ್ರೆಯಲ್ಲಿ ಮುದ್ದೆ ಸುಟ್ಟು, ಆವಿಯನ್ನು ಪೈಪಿನಲ್ಲಿ ತಣಿಸಿದರೆ ಶೇ 90ಕ್ಕೂ ಜಾಸ್ತಿ ಪಾದರಸ ವಾಪಸು ಸಿಗುತ್ತದೆ. ಆದರೂ ಬಳಕೆ ಕಡಿಮೆ. ಮುಚ್ಚಿದ ಪಾತ್ರೆಯೊಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ, ಚಿನ್ನ ಕಳೆದೀತು ಎಂಬ ಭಯ ಇರುತ್ತದೆ. ಪಾಲು ಹಂಚಿಕೊಳ್ಳುವ ನಾಲ್ಕು ಜನ ಸುತ್ತ ನಿಂತಾಗ ಕಣ್ಣೆದುರು ಸುಡುವುದೇ ಅವರಿಗೆ ನಂಬಿಕೆ. ಹೀಗಾಗಿ ಮೊದಲು ಹಿಡಿಯಬೇಕಾದದ್ದು ಚಿನ್ನ ಕೊಳ್ಳುವ ಅಂಗಡಿಗಳನ್ನು. ಅವು ಪಟ್ಟಣದಲ್ಲೇ ಇವೆ, ಹುಡುಕಲು ಕಾಡಿಗೆ ಹೋಗಬೇಕಿಲ್ಲ. ಪಾದರಸವೇ ಇಲ್ಲದೆ, ಅಲುಗಾಡುವ ಮೇಜಿನ ಮೇಲೆ ಭಾರದಿಂದಲೇ ಚಿನ್ನ ಬೇರ್ಪಡಿಸುವ ಯಂತ್ರವೂ ಇದೆ. ಅದಕ್ಕೆ ಬಂಡವಾಳ ಬೇಕು. ಕಾಗದಪತ್ರ ಇಲ್ಲದ ಗಣಿಗಾರರಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ಮೀನಿನ ವಿಷಯದಲ್ಲಿ 'ಮೀನು ತಿನ್ನಬೇಡಿ' ಎನ್ನುವುದು ಕ್ರೂರ ಸಲಹೆ. ನದಿ ದಂಡೆಯ ಮನೆಗಳಿಗೆ ಪ್ರೋಟೀನ್ ಬರುವುದೇ ಅದರಿಂದ. ಹೇಳಬೇಕಾದದ್ದು ಯಾವ ಮೀನು ಎಂದು. ಸತ್ತ ಪ್ರಾಣಿ, ಬೇರೆ ಮೀನು ತಿಂದು ಬದುಕುವ 'ಮೋತಾ' ಎಂಬ ಮೀನಿನಲ್ಲಿ ಪಾದರಸ ತುಂಬಾ ಜಾಸ್ತಿ. ಕೆಸರು, ಪಾಚಿ ತಿನ್ನುವ 'ಬೊಕಿಚಿಕೊ' ಮೀನಿನಲ್ಲಿ ಕಡಿಮೆ. ಗಣಿ ಇಲ್ಲದ ಕಡೆ ಕೊಳದಲ್ಲಿ ಸಾಕಿದ 'ಪಾಕೊ' ಇನ್ನೂ ಒಳ್ಳೆಯದು. ಈ ವ್ಯತ್ಯಾಸ ಪ್ರತಿ ಬಸುರಿ ಹೆಂಗಸಿಗೂ ಅವರ ಭಾಷೆಯಲ್ಲೇ ತಲುಪಬೇಕು.

ಮಣ್ಣು ಮತ್ತೆ ಚಿಗುರಿಸುವ ಕೆಲಸವನ್ನು ಸಿನ್ಸಿಯಾದವರು ಶುರು ಮಾಡಿದ್ದಾರೆ. ಬರೀ ಮರಳಿನಲ್ಲಿ ಗಿಡ ನಿಲ್ಲುವುದಿಲ್ಲ, ಅದಕ್ಕೆ ಬಯೋಚಾರ್ ಎಂಬ ಇದ್ದಿಲು ಬೆರೆಸಿ ಸ್ಥಳೀಯ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ಇದು ದಶಕಗಳ ಕೆಲಸ.

ಹೊಂಡಗಳ ವಿಷಯ ಇನ್ನೂ ಕಷ್ಟ. ಎಲ್ಲವನ್ನೂ ಮುಚ್ಚಲು ಹೋದರೆ ಖರ್ಚು ಒಂದೆಡೆ, ತಳ ಕದಡಿದಾಗ ಕೂತಿದ್ದ ಪಾದರಸ ಮತ್ತೆ ಮೇಲೇಳುವ ಭಯ ಇನ್ನೊಂದೆಡೆ. ಹಾಗಾಗಿ ಮೊದಲು ಬೇಕಾದದ್ದು ಪಟ್ಟಿ. ಯಾವ ಹೊಂಡ ನದಿಗೆ ಸೇರಿಕೊಂಡಿದೆ, ಯಾವುದರಲ್ಲಿ ಜನ ಮೀನು ಹಿಡಿಯುತ್ತಾರೆ, ಯಾವುದರ ಮೀನಿನಲ್ಲಿ ಎಷ್ಟು ಮಿಥೈಲ್ ಪಾದರಸ ಇದೆ ಎಂದು ಒಂದೊಂದಾಗಿ ಬರೆದಿಡಬೇಕು. ನದಿಗೆ ಸೇರುವ, ಜನ ಮೀನು ಹಿಡಿಯುವ ಹೊಂಡಗಳಿಗೆ ಮೊದಲು ಕೈ ಹಾಕಬೇಕು. ಖಾಲಿ ಹೊಂಡ ಇದೆಯಲ್ಲ ಎಂದು ಅಳೆದು ನೋಡದೆ ಮೀನು ಮರಿ ಬಿಡುವುದಕ್ಕೆ ಅವಕಾಶ ಕೊಡಬಾರದು. ಇದರ ಜೊತೆಗೆ ಪ್ರತಿ ಆರೋಗ್ಯ ಕೇಂದ್ರದಲ್ಲೂ ಬಸುರಿ ಹೆಂಗಸರ ಕೂದಲು ಪರೀಕ್ಷೆ ಮಾಮೂಲಿ ರಕ್ತಪರೀಕ್ಷೆಯ ಹಾಗೆ ನಡೆಯಬೇಕು, ವರ್ಷ ವರ್ಷವೂ, ಗಣಿ ನಿಂತ ಊರುಗಳಲ್ಲೂ.